ಸಿ ಗೆ ಎಷ್ಟು ಕೊಡ್ಲಿ?

ಮಂಗಳೂರಿನಲ್ಲಿ ಹೊಸ ಲ್ಯಾಪ್‌ಟಾಪ್ ತಗೊಂಡರೆ ಬಿಲ್ ಆದ ಮೇಲೆ ಅಂಗಡಿಯ ಹುಡುಗನಿಂದ ಒಂದು ಪ್ರಶ್ನೆ ಬರುತ್ತದೆ. 'ಸರ್, ಪಾರ್ಟಿಶನ್ ಮಾಡ್ಬೇಕಾ? ಸಿ ಗೆ ಎಷ್ಟು ಕೊಡ್ಲಿ?' ಗಿರಾಕಿ ಒಂಚೂರೂ ತಡಮಾಡದೆ 'ನೂರು ಕೊಡಿ' ಅನ್ನುತ್ತಾನೆ. ಅಂದರೆ ಡಿಸ್ಕನ್ನು ತುಂಡು ಮಾಡಿ, ವಿಂಡೋಸ್ ಇರುವ ಸಿ ಅನ್ನುವ ತುಂಡಿಗೆ ನೂರು ಜಿಬಿ. ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಅಂತ ಕೇಳಿದಾಗ 'ಅದೆಲ್ಲ ನೀವೇ ನೋಡಿ' ಅಂದವರೂ ಇಲ್ಲಿ ಮಾತ್ರ ಬಹಳ ಗಟ್ಟಿ. ಈ ನೂರು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. 80 ಅಂದರೆ ಜುಗ್ಗತನ, 150 ಅಂದರೆ ದುಂದು. ನೂರು ಅಂದರೆ ಮರ್ಯಾದಸ್ಥರ ಲೆಕ್ಕ, ಅಷ್ಟೇ ಇರಬೇಕು.

ಸಿ ಅನ್ನುವ ಹೆಸರಿಗೂ ಒಂದು ಚರಿತ್ರೆ ಉಂಟು. ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಾಗಿದ್ದವು, ಹಾರ್ಡ್ ಡಿಸ್ಕ್ ಬಂದಾಗ ಮೂರನೇ ಅಕ್ಷರವೇ ಗತಿಯಾಯಿತು. 1983ರಲ್ಲಿ ಬಂದ ಐಬಿಎಂ ಎಕ್ಸ್‌ಟಿಯ ಹಾರ್ಡ್ ಡಿಸ್ಕ್ 10 ಎಂಬಿಯದ್ದು. ಇವತ್ತು ಮದುವೆ ಮನೆಯಿಂದ ವಾಟ್ಸಾಪಿನಲ್ಲಿ ಬರುವ ಒಂದು ವಿಡಿಯೋ ಅದರಲ್ಲಿ ಹಿಡಿಸುವುದು ಕಷ್ಟ. ಫ್ಲಾಪಿ ಹೋಗಿ ಎಷ್ಟೋ ಕಾಲವಾಯಿತು. ಎ, ಬಿ ಇವತ್ತಿಗೂ ಖಾಲಿ ಬಿದ್ದಿವೆ, ಬೇರೆ ಯಾರೂ ಬಂದು ಕೂತಿಲ್ಲ.

ಡಿಸ್ಕನ್ನು ತುಂಡು ಮಾಡುವ ಚಟ ನಮಗೆ ಹತ್ತಿದ್ದು ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ. ಎಕ್ಸ್‌ಪಿ ಕೇಳುತ್ತಿದ್ದದ್ದು ಬರೀ ಒಂದೂವರೆ ಜಿಬಿ. 40 ಜಿಬಿ ಡಿಸ್ಕಿನಲ್ಲಿ ಅದಕ್ಕೆ 10 ಕೊಟ್ಟರೆ ಅದು ಕೈಕಾಲು ಚಾಚಿ ಮಲಗುತ್ತಿತ್ತು. ಉಳಿದದ್ದು ಡಿ, ಇ, ಎಫ್. ಒಂದರಲ್ಲಿ ಹಾಡು, ಒಂದರಲ್ಲಿ ಸಿನಿಮಾ, ಒಂದರಲ್ಲಿ ಫೋಟೋ. ಇದಕ್ಕೆ ಕಾರಣವೂ ಇತ್ತು. ಆಗ ಕಂಪ್ಯೂಟರ್ ಕೆಡುತ್ತಲೇ ಇತ್ತು. ಪೆನ್‌ಡ್ರೈವಿನಲ್ಲಿ ವೈರಸ್ ಬರುತ್ತಿತ್ತು. ಜೂನ್ ಬಂದರೆ ಗುಡುಗಿಗೆ ಮುಂಚೆಯೇ ಕರೆಂಟು ಹೋಗುತ್ತಿತ್ತು, ಬಂದು ಮತ್ತೆ ಹೋಗುತ್ತಿತ್ತು. ರಿಪೇರಿಯವನು ಬಂದು ನೆಟ್ಟಗೆ ಸಿ ಯನ್ನು ಪೂರಾ ಅಳಿಸಿ ಫಾರ್ಮ್ಯಾಟ್ ಹೊಡೆಯುತ್ತಿದ್ದ. ಡಿ ಯಲ್ಲಿದ್ದದ್ದು ಬಚಾವು. 'ಬೇಕಾದ್ದನ್ನೆಲ್ಲ ಡಿ ಯಲ್ಲಿ ಹಾಕಿ, ಸೇಫ್' ಅನ್ನುವುದು ಆ ಕಾಲದ ಮಂತ್ರ. ಸಿ ಗೆ ಎಷ್ಟು ಅಂತ ಕೇಳುವವರು ನಿಜವಾಗಿ ಕೇಳುತ್ತಿದ್ದದ್ದು, ಈ ಮೆಷಿನ್ ಎಷ್ಟು ಸಲ ಕೈ ಕೊಡಬಹುದು ಅಂತ.

ಈಗ ಫಾರ್ಮ್ಯಾಟ್ ಹೊಡೆಯುವುದು ಅಪರೂಪ. ಮಂತ್ರ ಮಾತ್ರ ಉಳಿದಿದೆ. ಆ ಕಡೆ ವಿಂಡೋಸಿನ ಹೊಟ್ಟೆ ದೊಡ್ಡದಾಗುತ್ತಾ ಬಂತು. ವಿಂಡೋಸ್ 7ಕ್ಕೆ 16 ಜಿಬಿ, ಅರವತ್ನಾಲ್ಕು ಬಿಟ್ಟಿನದಾದರೆ 20. ವಿಂಡೋಸ್ 11ಕ್ಕೆ ಕಡಿಮೆ ಅಂದರೂ 64 ಜಿಬಿಯ ಡಿಸ್ಕ್ ಬೇಕು. ಅದೂ ಹೊಸ್ತಿಲು ದಾಟಲಿಕ್ಕೆ ಮಾತ್ರ, ಒಳಗೆ ಸಂಸಾರ ಹೂಡಲಿಕ್ಕಲ್ಲ.

ಸಿ ತುಂಬುವ ರೀತಿ ನೋಡಿದರೆ ನನಗೆ ಪಿಗ್ಮಿ ನೆನಪಾಗುತ್ತದೆ. ಉಡುಪಿಯ ಬ್ಯಾಂಕೊಂದು 1928ರಲ್ಲಿ ಶುರು ಮಾಡಿದ ಉಳಿತಾಯ ಯೋಜನೆ ಅದು. ದಿನಾ ಮನೆಬಾಗಿಲಿಗೆ ಏಜೆಂಟ್ ಬಂದು ಎರಡಾಣೆಯಾದರೂ ಸರಿ ಅಂತ ತಗೊಂಡು ಹೋಗುವುದು. ಕೊಟ್ಟವರಿಗೆ ಕೊಟ್ಟದ್ದು ಗೊತ್ತಾಗುತ್ತಿರಲಿಲ್ಲ. ಸಿ ಯಲ್ಲೂ ಹೀಗೇ ಏಜೆಂಟರು ಓಡಾಡುತ್ತಿರುತ್ತಾರೆ. ಹೈಬರ್ನೇಟ್ ಮಾಡಲಿಕ್ಕೆ, ಅಂದರೆ ತೆರೆದ ಕೆಲಸ ಹಾಗೇ ಉಳಿಸಿ ಕಂಪ್ಯೂಟರನ್ನು ಮಲಗಿಸಲಿಕ್ಕೆ ಅಂತ ಒಂದು ಫೈಲು, ರ‍್ಯಾಮಿನ ಸುಮಾರು ನೂರಕ್ಕೆ 40ರಷ್ಟು. 16 ಜಿಬಿ ರ‍್ಯಾಮ್ ಇದ್ದರೆ ಆರು ಜಿಬಿಗೂ ಜಾಸ್ತಿ. ರ‍್ಯಾಮ್ ಸಾಲದಿದ್ದರೆ ಅಂತ ಇನ್ನೊಂದು ಫೈಲು. ಅಪ್ಡೇಟಿಗೆ ಜಾಗ ಸಾಲದೆ ಹೋಗಬಾರದು ಅಂತ 2019ರಿಂದ ವಿಂಡೋಸ್ ತಾನೇ ಸುಮಾರು 7 ಜಿಬಿ ತೆಗೆದಿಟ್ಟುಕೊಳ್ಳುತ್ತದೆ. ದೊಡ್ಡ ಅಪ್‌ಗ್ರೇಡ್ ಆದರೆ ಹಳೆಯ ವಿಂಡೋಸನ್ನೇ ಒಂದು ಫೋಲ್ಡರಿನಲ್ಲಿ ಕಟ್ಟಿಡುತ್ತದೆ, ಹತ್ತು ದಿನದ ಮಟ್ಟಿಗೆ. ಬ್ರೌಸರಿನ ಕಸ, ವಾಟ್ಸಾಪಿನ ಶುಭೋದಯಗಳು ಬೇರೆ. ಪಿಗ್ಮಿಯಾದರೆ ಕೊನೆಗೆ ಬಡ್ಡಿಯಾದರೂ ಬರುತ್ತದೆ.

ಉಡುಪಿಯಲ್ಲಿ ನಮ್ಮ ದೊಡ್ಡಪ್ಪ ಬ್ಯಾಂಕಿನಿಂದ ರಿಟೈರ್ ಆದವರು. ಅವರ ಲ್ಯಾಪ್‌ಟಾಪಿನಲ್ಲಿ 512 ಜಿಬಿಯ ಎಸ್‌ಎಸ್‌ಡಿ. ಅದು 476 ಅಂತ ತೋರಿಸುವುದು ಅವರಿಗೆ ಮೊದಲ ದಿನದಿಂದಲೇ ತಕರಾರು. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಂತ ಹೇಳಿದರೆ, 'ಹಾಗಾದ್ರೆ ಟ್ಯಾಲಿ ಆಗುದು ಹೇಗೆ?' ಅಂದರು. ಸಿ ಗೆ 80 ಕೊಡಿಸಿದ್ದರು. ಅದು ಕೆಂಪಾಗಿತ್ತು. ಹತ್ತನೇ ಒಂದು ಪಾಲಿಗಿಂತ ಕಡಿಮೆ ಜಾಗ ಉಳಿದರೆ ಆ ನೀಲಿ ಪಟ್ಟಿ ಕೆಂಪಾಗುತ್ತದಲ್ಲ, ಹಾಗೆ. ಕೆಳಗೆ ಡಿ ಯಲ್ಲಿ ಎಕರೆಗಟ್ಟಲೆ ಬಯಲು. ತೆರೆದರೆ ಒಂದೇ ಫೋಲ್ಡರ್, ಅದರ ಹೆಸರು 'ನ್ಯೂ ಫೋಲ್ಡರ್', ಅದರೊಳಗೆ ಏನೂ ಇಲ್ಲ.

ಡೆಸ್ಕ್‌ಟಾಪ್ ನೋಡಿದಾಗ ವಿಷಯ ಗೊತ್ತಾಯಿತು. ಯಕ್ಷಗಾನದ ಮಂದಾರ್ತಿ ಮೇಳದ ಹರಕೆ ಆಟ, ರಾತ್ರಿಯಿಂದ ಬೆಳಗಿನವರೆಗೆ, ತುಂಡು ತುಂಡಾಗಿ. ಪಕ್ಕದಲ್ಲಿ ತಾಳಮದ್ದಳೆ. ಮಧ್ಯೆ ಎಲ್‌ಐಸಿ ರಶೀದಿ, ಮೊಮ್ಮಗಳ ನಾಮಕರಣ. ಹಿಂದಿನ ಚಿತ್ರ ಕಾಣುವುದಕ್ಕೇ ಜಾಗ ಇರಲಿಲ್ಲ.

'ದೊಡ್ಡಪ್ಪ, ಇದೆಲ್ಲ ಸಿ ಯಲ್ಲಿ ಉಂಟು.'

'ಸಿ ಯಲ್ಲಾ? ಇಲ್ಲೇ ಎದುರು ಉಂಟಲ್ಲ ಮಾರಾಯ!'

ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಎದುರು ಕಾಣುವ ಪರದೆ ಒಂದು ಡ್ರೈವಿನ ಒಳಗಿನ ಫೋಲ್ಡರಿನ ಒಳಗಿನ ಫೋಲ್ಡರ್ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಕೂಡ ಸುಮ್ನೆ ಬಿಟ್ಟರೆ ಸಿ ಯಲ್ಲೇ ಇರುತ್ತವೆ. ಡಿ ಯನ್ನು ಸೇಫ್ ಅಂತ ಕಾದಿಟ್ಟು, ಬದುಕೆಲ್ಲ ಸಿ ಯಲ್ಲೇ ಮಾಡುವವರು ಊರು ತುಂಬ ಇದ್ದಾರೆ.

'ಆಚೆಯಿಂದ ನೂರು ತೆಗೆದು ಈಚೆ ಹಾಕು' ಅಂದರು ದೊಡ್ಡಪ್ಪ. ಖಾತೆಯಿಂದ ಖಾತೆಗೆ ಹಾಕಿದ ಹಾಗೆ ಅಂತ ಅವರ ಎಣಿಕೆ. ಇಲ್ಲಿ ಆಗುವುದಿಲ್ಲ. ಡಿ ಯನ್ನು ಕುಗ್ಗಿಸಿದರೆ ಖಾಲಿ ಜಾಗ ಬರುವುದು ಡಿ ಯ ಆಚೆ ತುದಿಯಲ್ಲಿ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಬೆಳೆಯಬೇಕಾದರೆ ಅದರ ಬಲ ಮಗ್ಗುಲಿಗೇ ಜಾಗ ಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿ ಪಕ್ಕದಲ್ಲಿ ರಿಕವರಿ ಪಾರ್ಟಿಶನ್ ಅಂತ, ವಿಂಡೋಸ್ ಕೆಟ್ಟರೆ ಸರಿಮಾಡಲಿಕ್ಕಿರುವ ಇನ್ನೊಂದು ಸಣ್ಣ ತುಂಡು ಕಣ್ಣಿಗೆ ಬೀಳದೆ ಕೂತಿರುತ್ತದೆ. ಅದಕ್ಕೂ ಜಾಗದ್ದೇ ತೊಂದರೆ. 2024ರ ಜನವರಿಯ ಒಂದು ಅಪ್ಡೇಟು ಆ ತುಂಡು ಸಣ್ಣದಾಯಿತು ಅಂತ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇನ್‌ಸ್ಟಾಲೇ ಆಗಲಿಲ್ಲ. ಅದನ್ನು ನೀವೇ 250 ಎಂಬಿ ದೊಡ್ಡದು ಮಾಡಿಕೊಳ್ಳಿ ಅಂತ ಮೈಕ್ರೋಸಾಫ್ಟ್ ಜನರಿಗೆ ಹೇಳಿತು, ಕಮಾಂಡ್ ಟೈಪ್ ಮಾಡಿ! ಜಾಗ ಎಷ್ಟು ಬೇಕು ಅಂತ ವಿಂಡೋಸ್ ಮಾಡಿದವರಿಗೇ ಅಂದಾಜು ತಪ್ಪುತ್ತದೆ. ದೊಡ್ಡಪ್ಪನ 80ಕ್ಕೆ ನಗುವುದು ಯಾಕೆ?

ನನ್ನನ್ನು ಕೇಳಿದರೆ 256 ಜಿಬಿಯ ಡಿಸ್ಕನ್ನು ಕತ್ತರಿಸಲೇಬಾರದು. 512 ಆದರೂ ಒಂದೇ ಇಡೀ ಇರಲಿ, ಫೋಲ್ಡರ್ ಮಾಡಿಕೊಂಡರೆ ಸಾಕು. ಡಿ ಕಾಣದಿದ್ದರೆ ನಿದ್ದೆ ಬರುವುದಿಲ್ಲ ಅನ್ನುವವರು ಸಿ ಗೆ 200 ಕೊಡಿ, ಕೈ ಬಿಗಿ ಹಿಡಿಯಬೇಡಿ. ಸುರತ್ಕಲ್, ನಿಟ್ಟೆ, ಮಣಿಪಾಲದ ಇಂಜಿನಿಯರಿಂಗ್ ಹುಡುಗರು ವಿಂಡೋಸಿನ ಪಕ್ಕದಲ್ಲಿ ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಳ್ಳುತ್ತಾರೆ. ಅದಕ್ಕೆ 25 ಜಿಬಿ ಸಾಕು ಅಂತ ಬರೆದದ್ದು ನೋಡಿ ಅಷ್ಟೇ ಕೊಟ್ಟವರು ಸೆಮಿಸ್ಟರ್ ಮುಗಿಯುವ ಮೊದಲೇ ಜಾಗ ಹುಡುಕುತ್ತಾರೆ. ಅದಕ್ಕೆ 60 ಇದ್ದರೆ ನೆಮ್ಮದಿ. ಲಿನಕ್ಸಿನಲ್ಲಿ ನಮ್ಮ ಫೈಲುಗಳಿರುವ ಹೋಮ್ ಫೋಲ್ಡರನ್ನು ಬೇರೆ ಪಾರ್ಟಿಶನ್ ಮಾಡುವುದಕ್ಕೆ ಈಗಲೂ ಅರ್ಥ ಉಂಟು, ಆ ಹುಡುಗರು ತಿಂಗಳಿಗೊಂದು ಸಲ ಸಿಸ್ಟಮ್ ಬದಲಿಸುವವರು. ಇನ್ನು ಡಿ ಅಂದರೆ ಬ್ಯಾಕಪ್ ಅಂದುಕೊಂಡವರಿಗೆ ಒಂದು ಮಾತು. ಡಿಸ್ಕ್ ಒಂದೇ. ಅದು ಸತ್ತರೆ ಸಿ, ಡಿ ಎರಡೂ ಒಟ್ಟಿಗೇ ಹೋಗುತ್ತವೆ. ಬ್ಯಾಕಪ್ ಬೇಕಾದರೆ ಬೇರೆ ಡಿಸ್ಕ್ ತಗೊಳ್ಳಿ.

ದೊಡ್ಡಪ್ಪನದ್ದಕ್ಕೆ ಪಾರ್ಟಿಶನ್ ಮುಟ್ಟಲು ಹೋಗಲಿಲ್ಲ. ಡೆಸ್ಕ್‌ಟಾಪ್ ಫೋಲ್ಡರಿನ ಪ್ರಾಪರ್ಟೀಸಿನಲ್ಲಿ ಲೊಕೇಶನ್ ಅಂತ ಒಂದು ಟ್ಯಾಬ್ ಉಂಟು, ಅಲ್ಲಿ ಮೂವ್ ಒತ್ತಿ ಡಿ ಯಲ್ಲೊಂದು ಫೋಲ್ಡರ್ ತೋರಿಸಿದರೆ ಎಲ್ಲ ಆಚೆ ಹೋಗುತ್ತದೆ. ಮಂದಾರ್ತಿ ಮೇಳ ಹೋಗಲಿಕ್ಕೆ ಒಂದು ಲೋಟ ಕಾಫಿಯಷ್ಟು ಹೊತ್ತು ಹಿಡಿಯಿತು. ಸಿ ನೀಲಿಯಾಯಿತು. ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಡೆಸ್ಕ್‌ಟಾಪನ್ನೇ ನೋಡಿದರು. ಆಟ, ತಾಳಮದ್ದಳೆ, ರಶೀದಿ, ನಾಮಕರಣ ಎಲ್ಲ ಇದ್ದಲ್ಲೇ ಕಾಣುತ್ತಿದ್ದವು.

'ಎಲ್ಲ ಇಲ್ಲೇ ಉಂಟಲ್ಲ. ಇಷ್ಟು ಹೊತ್ತು ನೀನು ಎಂತ ಮಾಡಿದ್ದು?'