ಅಪಸವ್ಯದ ಅಜ್ಜ

ಅಟ್ಟ ಚೊಕ್ಕಟ ಮಾಡಲು ಹತ್ತಿದ್ದ ಅಪ್ಪ ಮೂರು ರಟ್ಟಿನ ಪೆಟ್ಟಿಗೆ ಇಳಿಸಿ ನನ್ನ ಮುಂದಿಟ್ಟು, “ಅಷ್ಟು ದುಡ್ಡು ಸುರಿದು ಕ್ಯಾಮರಾ ತಗೊಂಡಿದ್ದೀಯಲ್ಲ, ಇದಕ್ಕೊಂದು ಗತಿ ಕಾಣಿಸು” ಎಂದರು. ಮೇಲಿನದು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಬ್ರೋಮೈಡ್ ಕಾಗದದ ಪೆಟ್ಟಿಗೆ. ಹೆಸರಷ್ಟೇ ಇಂದು, ಒಳಗಿದ್ದದ್ದೆಲ್ಲ ನಿನ್ನೆ. ತೀರ್ಥಹಳ್ಳಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಅಜ್ಜ ಬೆಣ್ಣೆ ಕಾಗದದ ಲಕೋಟೆಗಳಲ್ಲಿ ಸುತ್ತಿಟ್ಟ ಹಾಫ್ ಪ್ಲೇಟ್ ನೆಗೆಟಿವ್‌ಗಳು.

ಹಾಫ್ ಪ್ಲೇಟ್ ಅಂದ ಕೂಡಲೇ ಮಗ ಓಡಿ ಬಂದ. ಅವನ ತಪ್ಪಿಲ್ಲ, ಅವನ ಪೀಳಿಗೆಗೆ ಹಾಫ್ ಪ್ಲೇಟ್ ಅಂದರೆ ಗೋಬಿ ಮಂಚೂರಿ. ಸಾಲದ್ದಕ್ಕೆ ಎರಡನೇ ಪೆಟ್ಟಿಗೆಯಿಂದ ಘಮ್ಮೆಂದು ವಿನಿಗರ್ ವಾಸನೆಯೂ ಬಂತು. ಹಳೆಯ ಅಸಿಟೇಟ್ ಫಿಲ್ಮು ಕೊಳೆಯತೊಡಗಿದರೆ ಬಿಡುವುದು ಅಸಿಟಿಕ್ ಆಮ್ಲವನ್ನೇ ಎಂದು ಅವನಿಗೆ ವಿವರಿಸಿ, ವಾಸನೆ ಬಂದ ಆರೇಳನ್ನು ಬೇರೆ ಎತ್ತಿಟ್ಟೆ. ಅವನು ನಿರಾಸೆಯಿಂದ ವಾಪಸು ಹೋದ.

ಹಾಫ್ ಪ್ಲೇಟ್ ಎಂದರೆ ನಾಲ್ಕೂ ಮುಕ್ಕಾಲು ಇಂಚಿಗೆ ಆರೂವರೆ ಇಂಚು. ನಮ್ಮ ಕಾಲದ 35 ಮಿ.ಮೀ. ರೀಲಿನ ಒಂದು ಚಿತ್ರದ ಸುಮಾರು 23 ಪಟ್ಟು ಜಾಗ. ಇಂಥದ್ದನ್ನು ನುಂಗುವ ಸ್ಕ್ಯಾನರ್‌ನ ಬೆಲೆ ನೋಡಿದೆ, ಬ್ರೌಸರ್ ಮುಚ್ಚಿದೆ. ಕೆಳಗಿಂದ ಬೆಳಕು ಬಿಟ್ಟು ಮೇಲಿಂದ ಕ್ಯಾಮರಾದಲ್ಲಿ ಹೊಡೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿದರೆ ಮುಗಿಯಿತು, ಒಂದು ಭಾನುವಾರದ ಕೆಲಸ ಎಂದು ಹೆಂಡತಿಗೆ ಹೇಳಿದೆ. ಯಾವ ಭಾನುವಾರ ಎಂದು ಹೇಳಿರಲಿಲ್ಲ, ಪುಣ್ಯ.

ಬೆಳಕಿಗೆ ಟ್ಯಾಬ್ಲೆಟ್ ಇತ್ತು. ಬಿಳೀ ಪುಟ ತೆರೆದು, ಅದರ ಮೇಲೆ ಅಜ್ಜಿಯ ನೆಗೆಟಿವ್ ಮಲಗಿಸಿ ಹೊಡೆದೆ. ಅಜ್ಜಿಯ ಮುಖದ ತುಂಬಾ ಸೊಳ್ಳೆ ಪರದೆ! ಪರದೆಯ ಪಿಕ್ಸೆಲ್‌ಗಳೆಲ್ಲ ಸಾಲಾಗಿ ಮೂಡಿದ್ದವು. ಎರಡನೇ ಸಲ ಹೊಡೆಯುವಾಗ ಸರಿಯಾಗಿ ಒಂದು ಸಂದೇಶ ಬಂದು ಬಿತ್ತು. ಉಲ್ಟಾ ಮಾಡಿ ನೋಡಿದರೆ ಅಜ್ಜಿಯ ಸೀರೆಯ ಅಂಚಿನಲ್ಲಿ, ನನಗೆ ಐದು ಲಕ್ಷ ಸಾಲ ಮಂಜೂರಾಗಿರುವ ಸಮಾಚಾರ.

ನೆಗೆಟಿವನ್ನು ಬೆಳಕಿನಿಂದ ಎರಡು ಮೂರು ಇಂಚು ಮೇಲೆತ್ತಿ, ನಡುವೆ ಹಾಲುಬಿಳಿ ಅಕ್ರಿಲಿಕ್ ಇಟ್ಟರೆ ಚುಕ್ಕಿ ಮಾಯವಾಗುತ್ತದೆ ಎಂದು ಆಮೇಲೆ ತಿಳಿಯಿತು. ನಾಮಫಲಕ ಬರೆಯುವ ಅಂಗಡಿಗೆ ಹೋಗಿ ಒಂದಡಿ ತುಂಡು ಕೇಳಿದೆ. “ಏನಂತ ಬರೀಬೇಕು ಸಾರ್?” “ಏನೂ ಬೇಡ, ಖಾಲಿ ಕೊಡಿ.” ಅವನು ಹಣ ಎಣಿಸಿಕೊಳ್ಳುವಾಗಲೂ ನನ್ನ ಮುಖ ನೋಡುತ್ತಲೇ ಇದ್ದ.

ಇನ್ನು ಫಿಲ್ಮು. ಐವತ್ತು ವರ್ಷ ಲಕೋಟೆಯಲ್ಲಿದ್ದದ್ದು ಹಪ್ಪಳದ ಹಾಗೆ ಸುರುಳಿ ಏಳುತ್ತಿತ್ತು. ಚಪ್ಪಟೆಯಾಗಿ ಕೂರಲೆಂದು ದೇವರ ಕೋಣೆಯ ಒಂದು ಫೋಟೋದ ಗಾಜು ಬಿಚ್ಚಿ ಮೇಲೆ ಹೇರಿದೆ. ಫಿಲ್ಮಿನ ನುಣುಪು ಮೈಗೂ ಗಾಜಿಗೂ ನಡುವೆ ಕೂದಲೆಳೆ ಗಾಳಿ ಸಿಕ್ಕಿಕೊಂಡರೆ, ನೀರಿನ ಮೇಲೆ ಎಣ್ಣೆ ಬಿದ್ದ ಹಾಗೆ ಉಂಗುರಗಳೇಳುತ್ತವೆ. ನ್ಯೂಟನ್ ಉಂಗುರ ಅನ್ನುತ್ತಾರೆ. ಅವು ಎದ್ದದ್ದು ಸರಿಯಾಗಿ ಅಜ್ಜನ ತಲೆಯ ಸುತ್ತ. ಕಾಫಿ ತಂದ ಅಮ್ಮ ಪರದೆ ನೋಡಿ ಲೋಟ ಕೆಳಗಿಟ್ಟು ಕೈ ಮುಗಿದಳು. ಗಾಜು ವೆಂಕಟರಮಣನದು ಎಂದು ಹೇಳಿ ಆ ಭಕ್ತಿಯನ್ನು ಕೆಡಿಸಬಾರದಿತ್ತು. ಸಂಜೆಯೊಳಗೆ ಗಾಜು ವಾಪಸು ಹೋಗಿ ಕೂತಿತು, ನಾನು ಕಪ್ಪು ರಟ್ಟಿನ ಎರಡು ಚೌಕಟ್ಟು ಕತ್ತರಿಸಿ ಫಿಲ್ಮಿನ ಅಂಚುಗಳನ್ನಷ್ಟೇ ನಡುವೆ ಕಚ್ಚಿಸಿದೆ.

ಅಲುಗಾಟದ ಕಥೆ ಹೇಳಹೊರಟರೆ ಇನ್ನೊಂದು ಪುರಾಣವಾದೀತು. ಅರ್ಧ ಸೆಕೆಂಡಿನ ಎಕ್ಸ್‌ಪೋಷರ್. ಆ ಅರ್ಧ ಸೆಕೆಂಡು ನಮ್ಮ ಮನೆಯಲ್ಲಿ ಮಿಕ್ಸಿಯಾಗಲಿ ಮೇಲಿನ ಮನೆಯ ಮಕ್ಕಳಾಗಲಿ ಸುಮ್ಮನಿದ್ದದ್ದು ಮಧ್ಯರಾತ್ರಿ ಕಳೆದ ಮೇಲೆಯೇ. ಹಾಗಾಗಿ ರಾತ್ರಿ ಒಂದು ಗಂಟೆಗೆ ಹಾಲ್‌ನಲ್ಲಿ ದೀಪ ಆರಿಸಿ, ನೆಗೆಟಿವಿನ ಜಾಗದಲ್ಲಿ ಹೆಂಡತಿಯ ಮುಖ ನೋಡುವ ಕನ್ನಡಿ ಇಟ್ಟು, ಅದರಲ್ಲಿ ಲೆನ್ಸಿನ ಕಣ್ಣು ನಟ್ಟನಡುವೆ ಬರುವ ತನಕ ಟ್ರೈಪಾಡನ್ನು ಓಲಾಡಿಸುತ್ತಿದ್ದೆ. ಕ್ಯಾಮರಾ ನೆಗೆಟಿವಿಗೆ ಸಮಾನಾಂತರ ಇದೆಯೋ ಎಂದು ತಿಳಿಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ನೀರು ಕುಡಿಯಲು ಎದ್ದ ಅಪ್ಪ, ಕತ್ತಲಲ್ಲಿ ಕನ್ನಡಿ ಮುಂದೆ ಬಗ್ಗಿ ನಿಂತ ಮಗನನ್ನು ನೋಡಿ ನೀರು ಕುಡಿಯದೇ ಹೋಗಿ ಮಲಗಿದರು.

ಒಂದೊಂದು ನೆಗೆಟಿವನ್ನು ಆರು ತುಂಡಾಗಿ ಹೊಡೆದು, ಹೊಲಿದು, ಬಿಳುಪು ಕಪ್ಪು ಅದಲುಬದಲು ಮಾಡಿದಾಗ ಬಂದ ಚಿತ್ರ ಮಾತ್ರ... ಏನು ಹೇಳಲಿ, ದೊಡ್ಡತ್ತೆಯ ಮದುವೆಯಲ್ಲಿ ಧಾರೆ ಎರೆಯುತ್ತಿರುವ ಅಜ್ಜನ ಎದೆಯ ಬಿಳಿಗೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಅಂದು ಕ್ಯಾಮರಾ ಹಿಂದಿದ್ದವನು ಸ್ಟುಡಿಯೋದ ಹುಡುಗ. ನಾನು ರಾತ್ರಿ ಎರಡು ಗಂಟೆಗೇ ಮನೆಯವರ ವಾಟ್ಸಾಪ್ ಗುಂಪಿಗೆ ಏರಿಸಿ, ಬೆಳಿಗ್ಗೆ ಬರುವ ಹೊಗಳಿಕೆಗೆ ಕಾದು ಮಲಗಿದೆ.

ಬೆಳಿಗ್ಗೆ ಆರಕ್ಕೆ ಚಿಕ್ಕಜ್ಜನ ಫೋನು. “ಏನೋ ಅನಿಷ್ಟ, ನಿಮ್ಮಜ್ಜ ಮಗಳ ಧಾರೆ ಎರೀತಾ ಇದ್ದಾರೋ, ಯಾರದಾದ್ರೂ ತಿಥಿ ಮಾಡ್ತಾ ಇದ್ದಾರೋ?” ಕಣ್ಣುಜ್ಜಿ ನೋಡಿದೆ. ಎಡ ಹೆಗಲ ಮೇಲಿರಬೇಕಾದ ಜನಿವಾರ ಬಲ ಹೆಗಲ ಮೇಲೆ. ಅಪಸವ್ಯ! ಎರೆಯುವ ಗಿಂಡಿಯೂ ಎಡಗೈಯಲ್ಲಿ. ಫಿಲ್ಮಿನ ಮಂಕು ಬದಿ, ಅಂದರೆ ಚಿತ್ರ ಮೂಡುವ ಲೇಪವಿರುವ ಎಮಲ್ಷನ್ ಬದಿ, ಕ್ಯಾಮರಾಕ್ಕೆ ಮುಖ ಮಾಡಿದರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಮಗುಚಬೇಕು. ನಾನು ಮಗುಚಿರಲಿಲ್ಲ. ಯಾವ ಬದಿ ಯಾವುದೆಂದು ಕತ್ತಲ ಕೋಣೆಯಲ್ಲಿ ಬೆರಳಿಗೇ ತಿಳಿಯಲಿ ಎಂದು ಇಂಥ ಬಿಡಿ ಹಾಳೆಯ ಕಟ್ ಫಿಲ್ಮಿನ ಮೂಲೆಯಲ್ಲಿ ಕಚ್ಚು ಮಾಡಿರುತ್ತಾರೆ. ಫಿಲ್ಮನ್ನು ಉದ್ದಕ್ಕೆ ಹಿಡಿದಾಗ ಕಚ್ಚು ಬಲಗಡೆ ಮೇಲಿದ್ದರೆ ಎಮಲ್ಷನ್ ನಮ್ಮತ್ತ. ಅಜ್ಜ ಕತ್ತಲಲ್ಲಿ ತಡವಿ ಹೇಳುತ್ತಿದ್ದದ್ದು ನನಗೆ ಟ್ಯೂಬ್‌ಲೈಟಿನಲ್ಲಿ ಕಾಣಲಿಲ್ಲ.

ಸವ್ಯ ಮಾಡಿ ಕಳಿಸಿದೆ. ಆದರೆ ಗುಂಪಿನಲ್ಲಿ ಶಾಂತಿ ನೆಲೆಸಿದ್ದು ಮೂರೇ ದಿನ.

ನಾಲ್ಕನೆಯ ದಿನ ಕೈಗೆ ಬಂದದ್ದು ದೊಡ್ಡತ್ತೆಯದೇ ಇನ್ನೊಂದು, ಗಂಡಿನ ಕಡೆಯವರಿಗೆ ಕಳಿಸಲೆಂದು 1969ರಲ್ಲಿ ಅಜ್ಜ ತೆಗೆದದ್ದು. ಅದರ ಹಿಂಬದಿಯಲ್ಲೊಂದು ಉದ್ದ ಗೀರು. ಇಂಥ ಗೀರಿಗೆ ಹಳೆಯ ಫೋಟೋಗ್ರಾಫರುಗಳ ಮದ್ದೊಂದಿದೆ: ಮೂಗಿನ ಪಕ್ಕದ ಜಿಡ್ಡನ್ನು ಬೆರಳಲ್ಲಿ ತೆಗೆದು ಸವರುವುದು, ಗೀರು ತುಂಬಿಕೊಂಡು ಮರೆಯಾಗುತ್ತದೆ. ತಮಾಷೆಯಲ್ಲ, ಸವರಿದೆ, ಮರೆಯಾಯಿತು. ಆ ಗೆಲುವಿನ ಹುಮ್ಮಸ್ಸಿನಲ್ಲಿ ಫಿಲ್ಮು ತಿರುಗಿಸಿ, ಪರದೆಯ ಮೇಲೆ ದೊಡ್ಡದು ಮಾಡಿದಾಗ ಅತ್ತೆಯ ಕೆನ್ನೆಯ ಮೇಲೆ ಕಂಡಿದ್ದ ಸಣ್ಣ ಸಣ್ಣ ಚುಕ್ಕಿಗಳತ್ತ ಹೊರಳಿದೆ. ತೀರ್ಥಹಳ್ಳಿಯ ಮಳೆ, ಬೂಸ್ಟೇ ಇರಬೇಕು. ಹತ್ತಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿ ನಯವಾಗಿ ಒರೆಸಿದೆ. ಹತ್ತಿ ಬೂದಿ ಬಣ್ಣಕ್ಕೆ ತಿರುಗಿತು. ಎಷ್ಟೊಂದು ಕೊಳೆ ಎಂದು ಹಿಗ್ಗಿದೆ.

ಅದು ಕೊಳೆಯಲ್ಲ, ಅಜ್ಜನ ಪೆನ್ಸಿಲು. ಮುಖದ ಕಪ್ಪು ಕಲೆ ನೆಗೆಟಿವಿನಲ್ಲಿ ತೆಳ್ಳಗೆ ಪಾರದರ್ಶಕವಾಗಿರುತ್ತದೆ. ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಅಲ್ಲಿ ಚುಕ್ಕಿ ಇಟ್ಟರೆ ಬೆಳಕು ತಡೆದು ಪ್ರಿಂಟಿನಲ್ಲಿ ಕೆನ್ನೆ ನುಣ್ಣಗಾಗುತ್ತದೆ. ರೀಟಚಿಂಗ್ ಎಂಬ ಈ ಕೆಲಸಕ್ಕೆ ಅಜ್ಜ ಎಷ್ಟು ರಾತ್ರಿ ಕೂತಿದ್ದರೋ, ನಾನು ಎರಡು ನಿಮಿಷದಲ್ಲಿ ಮುಗಿಸಿದ್ದೆ. ಹೊಸ ಚಿತ್ರದಲ್ಲಿ ಅತ್ತೆಯ ಬಾಲ್ಯದ ಸಿಡುಬಿನ ಕಲೆಗಳು ಒಂದೂ ಬಿಡದೆ ಹಾಜರಿದ್ದವು.

ಮಾವ ಅದನ್ನು ತುಂಬಾ ಹೊತ್ತು ನೋಡಿದರಂತೆ. “ನಮಗೆ ಕಳಿಸಿದ ಫೋಟೋದಲ್ಲಿ ಇದೆಲ್ಲ ಇರಲಿಲ್ಲವಲ್ಲ” ಎಂದರಂತೆ. ಮದುವೆಯಾಗಿ ಐವತ್ತು ವರ್ಷ ದಾಟಿದ ಮೇಲೆ!

ಅತ್ತೆ ಮರುದಿನವೇ ಮಗನ ಕಾರಿನಲ್ಲಿ ಬಂದಿಳಿದು, ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಆಲ್ಬಮ್ಮಿನ ಹಳೇ ಪ್ರಿಂಟನ್ನು ಪರದೆಗೆ ಒರಗಿಸಿ ಕೂತರು. ನಾನು ಮೌಸ್ ಹಿಡಿದು ಒಂದೊಂದೇ ಕಲೆ ಮುಚ್ಚುತ್ತಾ ಹೋದೆ. “ಅಲ್ಲಿ ಇನ್ನೊಂದಿದೆ. ಅದು ಬೇಡ, ಅದು ಮಚ್ಚೆ, ಅಪ್ಪ ಅದನ್ನ ಬಿಟ್ಟಿದ್ದ.” ಊಟದ ಹೊತ್ತಿಗೆ ಕೆನ್ನೆ 1969ಕ್ಕೆ ಮರಳಿತು. ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿದರು.

“ಮೂಗು ಒಂಚೂರು ಸಣ್ಣ ಮಾಡಕ್ಕಾಗತ್ತೇನೋ? ಅಪ್ಪನ್ನ ಕೇಳಿದ್ದೆ. ಪೆನ್ಸಿಲಲ್ಲಿ ಆಗಲ್ಲ ಅಂದಿದ್ದ.”