ಟಿವಿ ಕೊಳ್ಳೋಕೆ ಮುಂಚೆ ಬೆಳಕು ಎಲ್ಲಿಂದ ಬರುತ್ತೆ ಅಂತ ಕೇಳಿ

ದಸರಾ, ದೀಪಾವಳಿ ಹತ್ತಿರ ಬಂತು ಅಂದ್ರೆ ನನ್ನ ವಾಟ್ಸ್ಯಾಪಿಗೆ ಬರೋ ಮೆಸೇಜೆಲ್ಲ ಒಂದೇ ಧಾಟಿಯವು. "ಅಣ್ಣಾ, 55 ಇಂಚು ತಗೊಳ್ತಿದೀವಿ, ಎಲ್‌ಇಡಿನೋ ಕ್ಯೂಎಲ್‌ಇಡಿನೋ ಓಎಲ್‌ಇಡಿನೋ, ಬೇಗ ಹೇಳಿ, ಅಂಗಡೀಲೇ ನಿಂತಿದೀವಿ." 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲಂತೂ 43 ಇಂಚಿಗೆ ಅಂತ ಹೊರಟವರೂ 55ರ ಮುಂದೆ ನಿಲ್ಲೋ ಹಾಗಾಗಿದೆ. ನಾನು ತಿರುಗಿ ಕೇಳೋದು ಎರಡೇ: ನಿಮ್ಮ ಹಾಲ್‌ನಲ್ಲಿ ಕಿಟಕಿ ಯಾವ ಕಡೆಗಿದೆ? ದಿನವೆಲ್ಲ ಟಿವಿಯಲ್ಲಿ ಓಡೋದು ಏನು? ಕೇಳಿದ್ದಕ್ಕೆ ಉತ್ತರ ಕೊಡದೆ ವಾಸ್ತು ಕೇಳ್ತಾನಲ್ಲ ಅಂತ ಕೆಲವರಿಗೆ ಸಿಟ್ಟೂ ಬರುತ್ತೆ.

ಆದ್ರೆ ನನ್ನ ಪ್ರಕಾರ ಟಿವಿ ಆರಿಸೋ ವಿಚಾರ ಪೂರ್ತಿ ನಿಂತಿರೋದು ಬೆಳಕಿನ ಮೇಲೆ. ಪರದೆಯ ಬೆಳಕು ಎಲ್ಲಿಂದ ಹುಟ್ಟುತ್ತೆ, ನಿಮ್ಮ ಮನೆ ಬೆಳಕು ಅದರ ಮೇಲೆ ಎಲ್ಲಿಂದ ಬೀಳುತ್ತೆ. ಡಬ್ಬದ ಮೇಲಿನ ಅಕ್ಷರಗಳು ಇದರಲ್ಲಿ ಮೊದಲನೇದನ್ನ ಅರ್ಧ ಮುಚ್ಚಿಡುತ್ತವೆ. ಎರಡನೇದು ಅವಕ್ಕೆ ಗೊತ್ತೇ ಇರಲ್ಲ.

ಅಂಗಡಿಯಲ್ಲಿ 'ಎಲ್‌ಇಡಿ ಟಿವಿ' ಅಂತ ಕರೆಯೋದು ಅಸಲಿಗೆ ಎಲ್‌ಸಿಡಿ ಟಿವಿ. ತೊಗಲುಗೊಂಬೆ ಆಟ ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಹಿಂದೆ ದೀಪ, ಮುಂದೆ ಬಣ್ಣದ ತೊಗಲು, ಬೆಳಕು ಅದನ್ನ ದಾಟಿ ನಮ್ಮ ಕಣ್ಣಿಗೆ ಬರುತ್ತೆ. ಎಲ್‌ಸಿಡಿಯ ಚುಕ್ಕಿಗಳಿಗೆ, ಅಂದ್ರೆ ಪಿಕ್ಸೆಲ್‌ಗಳಿಗೆ, ಸ್ವಂತ ಬೆಳಕಿಲ್ಲ, ಹಿಂದಿನ ಬೆಳಕನ್ನ ಬಿಡೋದು ಇಲ್ಲವೇ ತಡೆಯೋದು ಅಷ್ಟೇ ಅವುಗಳ ಕೆಲಸ. ಹಿಂದಿನ ದೀಪ ಮೊದಲು ಸಣ್ಣ ಟ್ಯೂಬ್‌ಲೈಟಾಗಿತ್ತು, ಆಮೇಲೆ ಎಲ್‌ಇಡಿ ಆಯ್ತು, ಮಾರೋರು ದೀಪದ ಹೆಸರನ್ನೇ ಟಿವಿಗೆ ಇಟ್ಟರು. ಕ್ಯೂಎಲ್‌ಇಡಿಯೂ ಇದೇ ಮನೆತನದ್ದು. ಸ್ಯಾಮ್‌ಸಂಗ್ 2017ರಲ್ಲಿ ಈ ಹೆಸರನ್ನ ಮುಂದೆ ತಂತು, ಈಗ ಬಹಳ ಕಂಪನಿಗಳು ಬಳಸ್ತಿವೆ. ದೀಪಕ್ಕೂ ಪರದೆಗೂ ನಡುವೆ ಕ್ವಾಂಟಮ್ ಡಾಟ್ ಅನ್ನೋ ಅತಿಸೂಕ್ಷ್ಮ ಕಣಗಳ ಹಾಳೆ ಇರುತ್ತೆ, ಅದರಿಂದ ಕೆಂಪು, ಹಸಿರು ಶುದ್ಧವಾಗಿ ಬರುತ್ತೆ. ಈ ಕಣಗಳ ಸಂಶೋಧನೆಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂದಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಹಾಗಂತ ರಾತ್ರಿಯ ದೃಶ್ಯದಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗೋದನ್ನ ಅವು ತಡೆಯಲ್ಲ. ಅದು ಹಿಂದಿನ ದೀಪದ ಸಮಸ್ಯೆ.

ಹಾಗಾಗಿ ಕೇಳಬೇಕಾದ್ದು, ದೀಪ ಎಲ್ಲಿ ಕೂತಿದೆ ಅಂತ. ಅಂಚಿನಲ್ಲಿ ಮಾತ್ರ ಇದ್ದರೆ ಟಿವಿ ತೆಳ್ಳಗೆ, ನೋಡೋಕೆ ಚೆಂದ, ಚಿತ್ರಕ್ಕೆ ಅಷ್ಟಕ್ಕಷ್ಟೆ. ಹಿಂಬದಿ ತುಂಬ ಸಾಲಾಗಿ ಇದ್ದರೆ ಬೆಳಕು ಸಮನಾಗಿ ಹರಡುತ್ತೆ. ಆ ದೀಪಗಳನ್ನ ಗುಂಪು ಮಾಡಿ, ಚಿತ್ರ ಕಪ್ಪಿರೋ ಕಡೆ ಮಂದ ಮಾಡೋ ವ್ಯವಸ್ಥೆ ಇದ್ದರೆ ಅದನ್ನ ಲೋಕಲ್ ಡಿಮ್ಮಿಂಗ್ ಅಂತಾರೆ. ದೀಪಗಳನ್ನ ತೀರ ಚಿಕ್ಕದಾಗಿಸಿ ಸಾವಿರಗಟ್ಟಲೆ ತುಂಬಿದ್ದೇ ಮಿನಿ ಎಲ್‌ಇಡಿ. ಇದು ನಿಜವಾಗ್ಲೂ ದೊಡ್ಡ ಸುಧಾರಣೆ. ಆದರೂ ಲೆಕ್ಕ ನೋಡಿ: 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿ. 500 ಗುಂಪು ಅಂದ್ರೆ ಒಂದೊಂದು ಗುಂಪಿನ ಪಾಲಿಗೆ 16 ಸಾವಿರಕ್ಕೂ ಹೆಚ್ಚು ಚುಕ್ಕಿ. ಕತ್ತಲ ದೃಶ್ಯದ ಕೆಳಗೆ ಬಿಳಿ ಸಬ್‌ಟೈಟಲ್ ಬಂದಾಗ ಅಕ್ಷರದ ಸುತ್ತ ಮಬ್ಬು ಪ್ರಭಾವಳಿ ಕಾಣೋದು ಇದಕ್ಕೇ. ಮಲಯಾಳಂ, ಕೊರಿಯನ್ ಸಿನಿಮಾನೆಲ್ಲ ಸಬ್‌ಟೈಟಲ್ ಹಾಕ್ಕೊಂಡು ನೋಡೋರು ಇದನ್ನ ಅಂಗಡಿಯಲ್ಲೇ ಪರೀಕ್ಷೆ ಮಾಡ್ಕೊಳ್ಳಿ. ಎಷ್ಟು ಗುಂಪು ಅಂತ ಕೇಳಿದ್ರೆ ಸೇಲ್ಸ್ ಹುಡುಗ ಮುಖ ಮುಖ ನೋಡ್ತಾನೆ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲ್ಲ. ಕೆಲವು ಕಂಪನಿಗಳು ತಮ್ಮ ವೆಬ್‌ಸೈಟಲ್ಲೂ ಬರೆಯಲ್ಲ, ಬರೆಯದೇ ಇದ್ದರೆ ಕಡಿಮೆ ಅಂತಲೇ ನಾನು ತಿಳ್ಕೊಳ್ತೀನಿ.

ಓಎಲ್‌ಇಡಿಯ ಕಥೆಯೇ ಬೇರೆ. ಅಲ್ಲಿ ಹಿಂದೆ ದೀಪವೇ ಇಲ್ಲ, ಪ್ರತಿ ಚುಕ್ಕಿಯೂ ತಾನೇ ಉರಿಯುತ್ತೆ, ಬೇಡ ಅಂದಾಗ ಪೂರ್ತಿ ಆರುತ್ತೆ. ಕೊಡ್ಯಾಕ್‌ನ ಇಬ್ಬರು ವಿಜ್ಞಾನಿಗಳು 1987ರಲ್ಲಿ ಇದರ ಕೆಲಸಕ್ಕೆ ಬರೋ ರೂಪ ಪ್ರಕಟಿಸಿದ್ರು, 2007ರಲ್ಲಿ ಸೋನಿ ಅದನ್ನ 11 ಇಂಚಿನ ಟಿವಿ ಮಾಡಿ ಮಾರಿತು, 55 ಇಂಚು ಎಲ್‌ಜಿಯಿಂದ ಬಂದಿದ್ದು 2013ರಲ್ಲಿ. ರಾತ್ರಿ ಲೈಟೆಲ್ಲ ಆರಿಸಿ ಒಳ್ಳೆ ಸಿನಿಮಾ ಹಾಕಿ ನೋಡಿದವರಿಗೆ ಬೇರೆ ಯಾವುದೂ ಹಿಡಿಸಲ್ಲ. ಪಕ್ಕದಿಂದ ನೋಡಿದರೂ ಬಣ್ಣ ಕೆಡಲ್ಲ. ಇಷ್ಟು ಹೊಗಳಿಯೂ, ನನ್ನನ್ನ ಕೇಳೋ ಹತ್ತು ಮನೆಯಲ್ಲಿ ಏಳೆಂಟು ಮನೆಗೆ ನಾನು ಓಎಲ್‌ಇಡಿ ಬೇಡ ಅಂತೀನಿ. ದುಡ್ಡಿನ ಮಾತು ಹಾಗಿರಲಿ, ಅದಕ್ಕಿಂತ ದೊಡ್ಡ ಕಾರಣ ಆ ಮನೆಗಳ ದಿನಚರಿ.

ನಮ್ಮ ಕಡೆ ಟಿವಿ ಹೇಗೆ ಓಡುತ್ತೆ ನೋಡಿ. ಬೆಳಗ್ಗೆ ಭವಿಷ್ಯ, ಆಮೇಲೆ ನ್ಯೂಸ್, ಮಧ್ಯಾಹ್ನ ಸೀರಿಯಲ್ ಮರುಪ್ರಸಾರ, ಸಂಜೆ ಆರರಿಂದ ಹತ್ತರವರೆಗೆ ಸಾಲು ಸೀರಿಯಲ್. ಕನ್ನಡ ನ್ಯೂಸ್ ಚಾನೆಲ್ ಒಂದರ ಪರದೆ ನೆನಪಿಸ್ಕೊಳ್ಳಿ: ಮೂಲೆಯಲ್ಲಿ ಲೋಗೊ, ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ಹಳದಿ ಪಟ್ಟಿ, ಪಕ್ಕದಲ್ಲಿ ಅಲ್ಲಾಡದೆ ನಿಂತ 'ಬ್ರೇಕಿಂಗ್'. ಓಎಲ್‌ಇಡಿಯ ಚುಕ್ಕಿ ಉರಿದಷ್ಟೂ ಸವೆಯುತ್ತೆ. ಒಂದೇ ಜಾಗ ಒಂದೇ ಬಣ್ಣದಲ್ಲಿ ತಿಂಗಳುಗಟ್ಟಲೆ ಉರಿದ್ರೆ ಆ ಜಾಗ ಬೇರೆ ಕಡೆಗಿಂತ ಹೆಚ್ಚು ಸವೆದು ಗುರುತು ಉಳಿಯುತ್ತೆ. ಬರ್ನ್-ಇನ್ ಅಂದ್ರೆ ಇದೇ. ಕೆನಡಾದ ಆರ್‌ಟಿಂಗ್ಸ್ ಅನ್ನೋ ಪರೀಕ್ಷಾ ಸಂಸ್ಥೆ 2018ರಲ್ಲಿ ಆರು ಓಎಲ್‌ಇಡಿ ಟಿವಿಗಳನ್ನ ದಿನಕ್ಕೆ 20 ಗಂಟೆಯಂತೆ ಓಡಿಸಿ ನೋಡಿತ್ತು. ಬೆಳಕು ಜಾಸ್ತಿ ಮಾಡಿ ಸಿಎನ್‌ಎನ್ ಓಡಿಸಿದ ಟಿವಿಯಲ್ಲಿ ಗುರುತು ಚೆನ್ನಾಗೇ ಕೂತಿತ್ತು. ಆಮೇಲೆ ಬಂದ ಪ್ಯಾನೆಲ್‌ಗಳು ಗಟ್ಟಿಯಾಗಿವೆ, ಚಾನೆಲ್ ಬದಲಿಸ್ತಾ ನೋಡೋ ಮನೆಗಳಲ್ಲಿ ಇದು ಅಷ್ಟು ದೊಡ್ಡ ತಲೆನೋವಲ್ಲ ಅನ್ನೋದನ್ನೂ ಒಪ್ಪೋಣ. ಒಂದೇ ನ್ಯೂಸ್ ಚಾನೆಲ್ ಹಾಕಿ ಅದರ ಮುಂದೆ ಪೇಪರ್ ಓದ್ತಾ ಕೂರೋ ರಿಟೈರ್ಡ್ ಮೇಷ್ಟ್ರ ಮನೆಗೆ ಮಾತ್ರ ನಾನು ಧೈರ್ಯವಾಗಿ ಹೇಳಲಾರೆ.

ಇದರ ಜೊತೆಗೆ ಯಾರೂ ಹೇಳದ ಇನ್ನೊಂದು ವಿಚಾರ. ಓಎಲ್‌ಇಡಿ ಟಿವಿಗಳು ತಮ್ಮ ಸವಕಳಿಯನ್ನ ತಾವೇ ಅಳೆದು ಸರಿದೂಗಿಸ್ಕೊಳ್ತವೆ. ಕೆಲವು ಗಂಟೆ ಓಡಿದ ಮೇಲೆ, ರಿಮೋಟಿನಲ್ಲಿ ಆಫ್ ಮಾಡಿದಾಗ, ಸ್ಟ್ಯಾಂಡ್‌ಬೈನಲ್ಲಿ ಕೆಲವು ನಿಮಿಷ ಆ ಕೆಲಸ ನಡೆಯುತ್ತೆ. ನಮ್ಮ ಮನೆಗಳಲ್ಲಿ ರಿಮೋಟ್ ಒತ್ತಿದ ಹಿಂದೆಯೇ ಗೋಡೆಯ ಸ್ವಿಚ್ಚನ್ನೂ ಆರಿಸೋದು ಸಂಪ್ರದಾಯ. ಕರೆಂಟ್ ಬಿಲ್ಲಿನ ಭಯ, ಮಳೆಗಾಲದಲ್ಲಿ ಸಿಡಿಲಿನ ಭಯ. ಮಲೆನಾಡಿನವರು ಗುಡುಗು ಕೇಳಿದರೆ ಪ್ಲಗ್ಗನ್ನೇ ಕೀಳ್ತಾರೆ, ಕೀಳಲೇಬೇಕು ಕೂಡ. ಆದ್ರೆ ದಿನಾ ರಾತ್ರಿ ಹೀಗೆ ಕರೆಂಟ್ ತಪ್ಪಿಸಿದ್ರೆ ಟಿವಿಗೆ ತನ್ನ ಆರೈಕೆ ಮಾಡ್ಕೊಳ್ಳೋಕೆ ಬಿಡುವೇ ಸಿಗಲ್ಲ. ಓಎಲ್‌ಇಡಿ ತಂದವರು ಮನೆಯ ಹಿರಿಯರಿಗೆ ಇದನ್ನ ಮೊದಲ ದಿನವೇ ಹೇಳಿ. ಅವರು ಕೇಳ್ತಾರಾ ಅನ್ನೋದು ಬೇರೆ ಮಾತು.

ರಿಪೇರಿ ವಿಚಾರಕ್ಕೆ ಬರ್ತೀನಿ, ಯಾಕಂದ್ರೆ ಕೊಳ್ಳುವಾಗ ಯಾರಿಗೂ ಇದರ ನೆನಪಿರಲ್ಲ. ಅರಸೀಕೆರೆಯಲ್ಲಿ ನಮ್ಮತ್ತೆ ಮನೆ ಟಿವಿ ಒಂದಿನ ಇದ್ದಕ್ಕಿದ್ದ ಹಾಗೆ ಕಪ್ಪಾಯ್ತು, ಮಾತು ಮಾತ್ರ ಕೇಳ್ತಿತ್ತು. ವಾರಂಟಿ ಮುಗಿದಿತ್ತು. ಬಂದ ಮೆಕ್ಯಾನಿಕ್ ಮೊದಲು ಮಾಡಿದ್ದು ಕೋಣೆಯ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ಪರದೆಗೆ ಒತ್ತಿ ಹಿಡಿದಿದ್ದು. ಟಾರ್ಚ್ ಬಿದ್ದಷ್ಟು ಜಾಗದಲ್ಲಿ ಸೀರಿಯಲ್ಲಿನ ಹೆಂಗಸಿನ ಮುಖ ಮಸುಕಾಗಿ ಓಡಾಡ್ತಿತ್ತು. "ಅಮ್ಮಾ, ಪ್ಯಾನೆಲ್ ಚೆನ್ನಾಗೈತೆ, ಸ್ಟ್ರಿಪ್ ಹೋಗೈತೆ ಅಷ್ಟೇಯ" ಅಂದ. ಮಂಚದ ಮೇಲೆ ರಗ್ಗು ಹಾಸಿ, ಟಿವಿ ಬೋರಲು ಮಲಗಿಸಿ ಸ್ಕ್ರೂ ಬಿಚ್ಚಿದ. ಪರದೆ ಎತ್ತೋಕೆ ಇನ್ನೊಬ್ಬರು ಬೇಕು ಅಂತ ನಮ್ಮ ಮಾವನ್ನೂ ಕೂಗಿದ. ಒಳಗೆ ಬಿಳಿ ಹಾಳೆ, ಅದರ ಕೆಳಗೆ ಉದ್ದುದ್ದ ಪಟ್ಟಿಗಳು, ಪಟ್ಟಿ ಮೇಲೆ ಪುಟಾಣಿ ಮಸೂರ ಹೊತ್ತ ಎಲ್‌ಇಡಿಗಳು. ಒಂದರ ಹಿಂದೊಂದು ಜೋಡಿಸಿರೋದ್ರಿಂದ ಒಂದು ಸುಟ್ಟರೆ ಸಾಲಿಗೆ ಸಾಲೇ ಆರುತ್ತೆ. ಪಟ್ಟಿ ಬದಲಾಯ್ತು, ಬ್ಯಾಕ್‌ಲೈಟ್ ಸೆಟ್ಟಿಂಗ್ ಸ್ವಲ್ಪ ಇಳಿಸಿ ಕೊಟ್ಟ, "ಫುಲ್ ಇಡಬ್ಯಾಡಿ, ಬಿಸಿಗೆ ಮತ್ತೆ ಹೋಗ್ತದೆ" ಅಂದ. ಟಿವಿ ಈಗಲೂ ಓಡ್ತಿದೆ.

ಈ ಥರದ ರಿಪೇರಿ ತಾಲ್ಲೂಕು ಕೇಂದ್ರದಲ್ಲೂ ಆಗುತ್ತೆ. ಓಎಲ್‌ಇಡಿಯಲ್ಲಿ ಬದಲಿಸೋಕೆ ದೀಪದ ಪಟ್ಟಿನೇ ಇಲ್ಲ, ಪರದೆ ಹೋದ್ರೆ ಪ್ಯಾನೆಲ್ಲೇ ಬದಲಾಗಬೇಕು, ಅದರ ಬೆಲೆ ಕೇಳಿದ್ರೆ ಹೊಸ ಟಿವಿಯೇ ವಾಸಿ ಅನಿಸುತ್ತೆ. ಅಂಚಿನಲ್ಲಿ ದೀಪ ಇರೋ ತೆಳ್ಳನೆ ಎಲ್‌ಸಿಡಿಗಳ ಮೇಲೂ ನನಗೆ ಪ್ರೀತಿಯಿಲ್ಲ. ಅದೇ ಆರ್‌ಟಿಂಗ್ಸ್‌ನವರು ಆಮೇಲೆ 100 ಟಿವಿಗಳನ್ನ ವರ್ಷಗಟ್ಟಲೆ ಓಡಿಸಿದಾಗ, ಶಾಖಕ್ಕೆ ಒಳಗಿನ ಹಾಳೆ ಸೊಟ್ಟಗಾಗಿ, ಬೆಳಕು ಹಂಚೋ ಫಲಕ ಬಿರುಕು ಬಿಟ್ಟು ಕೆಟ್ಟಿದ್ದು ಹೆಚ್ಚಾಗಿ ಈ ಜಾತಿಯವೇ. ಗೋಡೆಗೆ ಕ್ಯಾಲೆಂಡರ್ ಥರ ಅಂಟಿಕೊಳ್ಳಬೇಕು ಅನ್ನೋ ಆಸೆಯನ್ನ ದಯವಿಟ್ಟು ಬಿಡಿ.

ಇನ್ನು ಮನೆ ಬೆಳಕು. ಟಿವಿ ಎದುರಿಗೇ ಕಿಟಕಿ ಅಥವಾ ಬಾಲ್ಕನಿ ಬಾಗಿಲಿದ್ದು, ಮಧ್ಯಾಹ್ನ ಕ್ರಿಕೆಟ್ ನೋಡೋರಾದ್ರೆ ಜಾಸ್ತಿ ಬೆಳಕು ಕೊಡೋ ಮಿನಿ ಎಲ್‌ಇಡಿಯೇ ಗೆಲ್ಲೋದು. ಪರದೆ ತುಂಬ ಹಸಿರು ಮೈದಾನ ಬಂದಾಗ ಓಎಲ್‌ಇಡಿ ಒಟ್ಟಾರೆ ಬೆಳಕನ್ನ ತಗ್ಗಿಸುತ್ತೆ, ಎಲ್ಲ ಚುಕ್ಕಿಯೂ ಒಟ್ಟಿಗೆ ಜೋರಾಗಿ ಉರಿದ್ರೆ ಬಿಸಿಯಾಗುತ್ತಲ್ಲ. ಅದರಲ್ಲೂ ಕ್ಯೂಡಿ-ಓಎಲ್‌ಇಡಿ ಅನ್ನೋ ಬಗೆ, 2022ರಲ್ಲಿ ಬಂದಿದ್ದು, ಬಣ್ಣಕ್ಕೆ ಸಾಟಿಯಿಲ್ಲ. ಆದ್ರೆ ಬೆಳಕಿರೋ ಕೋಣೆಯಲ್ಲಿ ಅದರ ಕಪ್ಪು ತುಸು ನೇರಳೆ ಬೂದಿಗೆ ತಿರುಗುತ್ತೆ. ಹಗಲಲ್ಲಿ ಕಿಟಕಿಗೆ ಕರ್ಟನ್ ಎಳೆಯದ ಮನೆಗೆ ಅದು ಹೊಂದಲ್ಲ.

ಎಲ್‌ಸಿಡಿಯಲ್ಲೇ ವಿಎ, ಐಪಿಎಸ್ ಅಂತ ಎರಡು ಪಂಗಡ. ವಿಎಯಲ್ಲಿ ಕಪ್ಪು ಚೆನ್ನಾಗಿ ಬರುತ್ತೆ, ಪಕ್ಕಕ್ಕೆ ಸರಿದರೆ ಬಣ್ಣ ತೊಳೆದ ಹಾಗಾಗುತ್ತೆ. ಐಪಿಎಸ್ ಇದರ ತಿರುಗುಮುರುಗು. ಅಜ್ಜಿ ದಿವಾನದ ಮೇಲೆ ಓರೆಯಾಗಿ ಮಲಗಿ, ಮಕ್ಕಳು ನೆಲದ ಮೇಲೆ, ಅಡುಗೆಮನೆ ಬಾಗಿಲಲ್ಲಿ ಬೀನ್ಸ್ ಬಿಡಿಸ್ತಾ ಇನ್ನೊಬ್ಬರು ನೋಡೋ ಹಾಲ್ ಆದ್ರೆ ಐಪಿಎಸ್ ಪರವಾಗಿಲ್ಲ. ಇಬ್ಬರೇ ಎದುರಿಗೆ ಸೋಫಾದಲ್ಲಿ ಕೂರೋದಾದ್ರೆ ವಿಎ. ಒಂದೇ ಮಾಡೆಲ್ಲಿನ 43 ಇಂಚಲ್ಲಿ ಒಂದು ಪ್ಯಾನೆಲ್, 55ರಲ್ಲಿ ಇನ್ನೊಂದು ಹಾಕೋ ರೂಢಿಯೂ ಇದೆ. ಹಾಗಾಗಿ ಯೂಟ್ಯೂಬ್ ವಿಮರ್ಶೆ ನೋಡುವಾಗ ಅವರು ನೋಡಿದ ಸೈಜ್ ಯಾವುದು ಅಂತ ಗಮನಿಸಿ.

ನನಗೆ ಅತಿ ಸಿಟ್ಟು ಬರಿಸೋದು ಅಂಗಡಿಯ ಡೆಮೊ ವಿಡಿಯೊ. ನವಿಲು, ಹಣ್ಣು, ನಿಧಾನಕ್ಕೆ ಬೀಳೋ ಜೇನುತುಪ್ಪ. ಅದರಲ್ಲಿ ಯಾವ ಟಿವಿಯೂ ಕೆಟ್ಟದಾಗಿ ಕಾಣಲ್ಲ. ನಮ್ಮ ಮನೆಗೆ ಬರೋದು ಸೆಟ್‌ಟಾಪ್ ಬಾಕ್ಸಿನ ಎಸ್‌ಡಿ ಚಾನೆಲ್. ಎಸ್‌ಡಿ ಅಂದ್ರೆ 720 ಅಡ್ಡ, 576 ಉದ್ದ. 4ಕೆ ಪರದೆಯಲ್ಲಿ ಅದರ ಸರಿಯಾಗಿ ಇಪ್ಪತ್ತರಷ್ಟು ಚುಕ್ಕಿ. ಅಂದ್ರೆ ನೀವು ನೋಡೋ ಪ್ರತಿ ಇಪ್ಪತ್ತು ಚುಕ್ಕಿಯಲ್ಲಿ ಹತ್ತೊಂಬತ್ತನ್ನ ಟಿವಿಯೇ ಊಹೆ ಮಾಡಿ ತುಂಬಿಸಿರುತ್ತೆ. ಈ ಊಹೆ ಮಾಡೋ ಪ್ರೊಸೆಸರ್ ಚೆನ್ನಾಗಿಲ್ಲದಿದ್ದರೆ ಎಂಥ ಪ್ಯಾನೆಲ್ಲಾದ್ರೂ ಸೀರಿಯಲ್ ನಟಿಯ ಮುಖ ಮೇಣದ ಗೊಂಬೆಯೇ. ಅಂಗಡಿಯವರಿಗೆ ಎಸ್‌ಡಿ ಚಾನೆಲ್ ಹಾಕಿ ಅನ್ನಿ, ಪಿಕ್ಚರ್ ಮೋಡನ್ನ 'ವಿವಿಡ್'ನಿಂದ ತೆಗೆದು 'ಸಿನಿಮಾ'ಗೆ ತನ್ನಿ, ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿ. ಪೆನ್‌ಡ್ರೈವಿನಲ್ಲಿ ಒಂದು ಕತ್ತಲ ದೃಶ್ಯ ಒಯ್ದರೆ ಇನ್ನೂ ಒಳ್ಳೇದು. ಸಂಕೋಚ ಬೇಡ, ಕೊಡ್ತಿರೋದು ನಿಮ್ಮ ದುಡ್ಡು.

ಎಚ್‌ಡಿಆರ್ (ಅತಿ ಬೆಳಕನ್ನೂ ಅತಿ ಕತ್ತಲನ್ನೂ ಒಂದೇ ಚಿತ್ರದಲ್ಲಿ ತೋರಿಸೋ ವಿಧಾನ) ಅಂತ ಬರೆದಿರೋ ಅಗ್ಗದ ಟಿವಿಗಳ ಬಗ್ಗೆ ಒಂದೇ ಮಾತು. ಆ ಸಿಗ್ನಲ್ ಬಂದ್ರೆ ಅವು ತಗೊಳ್ತವೆ, ತೋರಿಸೋ ಶಕ್ತಿ ಅವಕ್ಕಿಲ್ಲ. ಎಚ್‌ಡಿಆರ್ ಸಿನಿಮಾಗಳನ್ನ ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಲೆಕ್ಕದಲ್ಲಿ ಸಿದ್ಧ ಮಾಡಿರ್ತಾರೆ, ಈ ಟಿವಿಗಳು 300 ಮುಟ್ಟಿದ್ರೆ ಹೆಚ್ಚು. 8ಕೆ ಬಗ್ಗೆ ಆ ಒಂದು ಮಾತೂ ಬೇಡ.

ಈಗ ನೀವು ಯಾವುದು ತಗೊಳ್ಳಿ ಅಂತ ಕೇಳಿದ್ರೆ: ನ್ಯೂಸ್, ಸೀರಿಯಲ್ಲು, ಹಗಲು ಕ್ರಿಕೆಟ್ಟಿನ ಮನೆಗೆ ಹಿಂಬದಿ ಪೂರ್ತಿ ದೀಪ ಇರೋ ಎಲ್‌ಸಿಡಿ, ಕೈಗೆ ಎಟುಕಿದ್ರೆ ಮಿನಿ ಎಲ್‌ಇಡಿ. ರಾತ್ರಿ ಓಟಿಟಿಯಲ್ಲಿ ಸಿನಿಮಾ ನೋಡೋ ಸಣ್ಣ ಸಂಸಾರ, ಕರೆಂಟ್ ಸ್ಥಿರವಾಗಿರೋ ಊರು, ನ್ಯೂಸ್ ಫೋನಲ್ಲೇ ಮುಗಿಸೋರು ಅಂದ್ರೆ ಕಣ್ಣು ಮುಚ್ಚಿ ಓಎಲ್‌ಇಡಿ. ಕ್ಯೂಎಲ್‌ಇಡಿ ಅನ್ನೋ ಅಕ್ಷರಕ್ಕಷ್ಟೇ ಐದಾರು ಸಾವಿರ ಹೆಚ್ಚು ಕೊಡೋದಾದ್ರೆ ಬೇಡ, ಆ ದುಡ್ಡಿಗೆ ಸಣ್ಣ ಸೌಂಡ್‌ಬಾರ್ ತನ್ನಿ. ಈ ತೆಳ್ಳನೆ ಟಿವಿಗಳ ಸ್ಪೀಕರ್ ನೆಲ ನೋಡ್ಕೊಂಡು ಕೂಗ್ತವೆ, ಮಾತು ಕೇಳ್ಸಲ್ಲ ಅಂತ ವಾಲ್ಯೂಮ್ ಏರಿಸಿದ್ರೆ ಜಾಹೀರಾತು ಬಂದಾಗ ಪಕ್ಕದ ಮನೆಯವರು ಬಾಗಿಲು ಬಡೀತಾರೆ.