ನಿನ್ನೆಯ ಬಲೆ ಇವತ್ತಿಗಿಲ್ಲ

ಮುಂಬಯಿಯ ಕನ್ನಡ ಮನೆಗಳಲ್ಲಿ ಜೇಡರ ಬಲೆಯ ಮಾತು ಬರುವುದು ವರ್ಷಕ್ಕೆರಡು ಸಲ. ಮೇ ರಜೆಗೆ ಊರಿಗೆ ಹೋದವರು ಮತ್ಸ್ಯಗಂಧಾ ರೈಲು ಹಿಡಿದು ವಾಪಸಾಗಿ ಬೀಗ ತೆಗೆದಾಗ ಒಮ್ಮೆ, ನವರಾತ್ರಿಗೆ ಮುಂಚೆ ಉದ್ದ ಕೋಲಿಗೆ ಪೊರಕೆ ಕಟ್ಟಿದಾಗ ಇನ್ನೊಮ್ಮೆ. ಎರಡು ಸಲವೂ ಜೇಡಕ್ಕೆ ಸಿಗುವ ಬಿರುದು ಒಂದೇ, ಕೊಳಕು ಪ್ರಾಣಿ. ಇದರಲ್ಲಿ ಅನ್ಯಾಯವಿದೆ. ಸೂರಿನ ಮೂಲೆಯಲ್ಲಿ ಬೂದಿಬಣ್ಣಕ್ಕೆ ಜೋತುಬೀಳುವುದನ್ನು ಕಟ್ಟಿದ್ದು ಒಂದು ಕುಲ. ಕಿಟಕಿಯ ಗ್ರಿಲ್ಲಿನಾಚೆ ಚಕ್ರಬಲೆ ನೇಯುವುದು ಬೇರೆಯೇ ಕುಲ. ಒಬ್ಬರ ಕಸಕ್ಕೆ ಇನ್ನೊಬ್ಬರಿಗೆ ಪೊರಕೆಯೇಟು.

ಮೂಲೆಯದು ಫೋಲ್ಸಿಡ್ ಕುಟುಂಬದ ಉದ್ದಕಾಲಿನ ಜೇಡ. ತಲೆಕೆಳಗಾಗಿ ನೇತಾಡುತ್ತಿರುತ್ತದೆ, ಬೆರಳು ತಾಗಿಸಿದರೆ ಮೈಯನ್ನು ಗಿರಗಿರನೆ ಅಲುಗಿಸಿ ಕಣ್ಣಿಗೆ ಮಸುಕಾಗಿಬಿಡುತ್ತದೆ. ಹೆಣ್ಣು ಮೊಟ್ಟೆಗಳ ಗೊಂಚಲನ್ನು ನಾಲ್ಕೆಳೆ ನೂಲಿನಲ್ಲಿ ಹಿಡಿದಿಟ್ಟು, ಮರಿಯಾಗುವ ತನಕ ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಅದರ ಬಲೆಯಲ್ಲಿ ಅಂಟು ಇಲ್ಲವೆಂದೇ ಹೇಳಬೇಕು; ತೊಡರಿದ ಸೊಳ್ಳೆಯ ಮೇಲೆ ಹಿಂಗಾಲಿನಿಂದ ನೂಲು ಎಸೆದೆಸೆದು ಕಟ್ಟಿಹಾಕುತ್ತದೆ. ಹಳೆಯದನ್ನು ಕಿತ್ತು ಹೊಸದು ಕಟ್ಟುವ ಪದ್ಧತಿ ಇಲ್ಲ, ಇದ್ದುದಕ್ಕೇ ಎಳೆ ಸೇರಿಸುತ್ತ ಹೋಗುತ್ತದೆ. ಧೂಳು ಕೂರುವುದು ಅದಕ್ಕೇ. ರೈಲು ಹಳಿಯ ಪಕ್ಕದ ಬಿಲ್ಡಿಂಗಾದರೆ ಕೇಳುವುದೇ ಬೇಡ.

ಗ್ರಿಲ್ಲಿನಾಚೆಯದರ ಶಿಸ್ತೇ ಬೇರೆ. ನಿಯೋಸ್ಕೋನಾ ಎಂಬ ಕಂದು ಜೇಡ ಹಗಲೆಲ್ಲ ಕುಂಡದ ಎಲೆಯಡಿ ಮುದುಡಿ ಕೂತಿದ್ದು, ದೀಪ ಹಚ್ಚುವ ಹೊತ್ತಿಗೆ ಕೆಲಸಕ್ಕಿಳಿಯುತ್ತದೆ. ಮೊದಲು ಹೊಟ್ಟೆಯ ತುದಿಯೆತ್ತಿ ಒಂದೆಳೆಯನ್ನು ಗಾಳಿಗೆ ಬಿಡುತ್ತದೆ. ಅದು ಎದುರಿನ ಪೈಪಿಗೋ ಬಟ್ಟೆ ಒಣಹಾಕುವ ಹಗ್ಗಕ್ಕೋ ತಗುಲಿತೆನ್ನಿ, ಎಳೆದು ಬಿಗಿಮಾಡಿ, ಮೇಲೆ ನಡೆದು ಇನ್ನೊಂದೆಳೆ ಸೇರಿಸುತ್ತದೆ. ಬಳಿಕ ಸಡಿಲವಾದೊಂದು ಎಳೆಯ ನಡುವಿನಿಂದ ಕೆಳಕ್ಕಿಳಿದು ಬುಡದಲ್ಲಿ ಕಟ್ಟಿದರೆ ಮೂರು ಕವಲು ಸಿದ್ಧ. ಕವಲು ಕೂಡುವ ಜಾಗವೇ ಬಲೆಯ ನಾಭಿ. ಸುತ್ತ ಚೌಕಟ್ಟು, ನಾಭಿಯಿಂದ ಚೌಕಟ್ಟಿಗೆ ಗಾಲಿಯ ಕಡ್ಡಿಗಳ ಹಾಗೆ ಅರೆಗಳು. ಆಮೇಲೆ ಒಳಗಿನಿಂದ ಹೊರಕ್ಕೆ, ಅಂಟಿಲ್ಲದ ನೂಲಿನಲ್ಲಿ, ದೂರದೂರಕ್ಕೊಂದು ಸುತ್ತು. ಇದು ಬೇಟೆಗಲ್ಲ, ಗೋಡೆ ಕಟ್ಟುವವರ ಬಿದಿರು ಸಾರವೆಯ ಹಾಗೆ ಕಾಲೂರಲಿಕ್ಕೆ. ಅದರ ಮೇಲೆ ನಿಂತು ಈಗ ಹೊರಗಿನಿಂದ ಒಳಕ್ಕೆ ಅಂಟಿನ ಸುರುಳಿ ಶುರು. ಅಳತೆಗೆ ಕಾಲೇ ಸಾಕು: ಹಿಂದಿನ ಸುತ್ತನ್ನು ಮುಟ್ಟಿ ನೋಡಿ ಮುಂದಿನದನ್ನು ಅರೆಗೆ ಕಚ್ಚಿಸುತ್ತದೆ. ಸಾರವೆಯ ಎಳೆ ಅಡ್ಡ ಬಂದಲ್ಲೆಲ್ಲ ಕತ್ತರಿಸಿ ತೆಗೆಯುತ್ತದೆ. ಹೆಚ್ಚೆಂದರೆ ಒಂದು ತಾಸಿನ ಕೆಲಸ. ಕಣ್ಣು ಎಂಟಿದ್ದರೂ ಈ ಕಸುಬಿಗೆ ಬೇಕಿಲ್ಲ, ಕಗ್ಗತ್ತಲಲ್ಲೂ ಸುತ್ತು ತಪ್ಪುವುದಿಲ್ಲ.

ನೂಲೂ ಒಂದೇ ಬಗೆಯದಲ್ಲ. ಚಕ್ರಬಲೆ ನೇಯುವ ಹೆಣ್ಣಿನ ಹೊಟ್ಟೆಯಲ್ಲಿ ಏಳು ತರಹದ ಗ್ರಂಥಿಗಳು. ಚೌಕಟ್ಟಿಗೂ ಅರೆಗೂ ಗಟ್ಟಿ ನೂಲು, ಸುರುಳಿಗೆ ಎರಡು-ಮೂರು ಪಟ್ಟು ಹಿಗ್ಗುವ ನೂಲು, ಅದಕ್ಕೆ ಬಳಿಯಲು ಅಂಟು, ಎಳೆಯ ತುದಿಯನ್ನು ಗೋಡೆಗೆ ಮೆತ್ತಲು ಒಂದು, ಸಾರವೆಗೊಂದು, ಬೇಟೆ ಸುತ್ತಲೊಂದು, ಮೊಟ್ಟೆಚೀಲಕ್ಕೊಂದು. ಬಳಿದ ಅಂಟು ಎಳೆಯ ಮೇಲೆ ಸಮನಾಗಿ ನಿಲ್ಲುವುದಿಲ್ಲ, ತಾನಾಗಿಯೇ ಹನಿಹನಿಯಾಗುತ್ತದೆ. ಹನಿಯೊಳಗಿನ ಲವಣಗಳು ಗಾಳಿಯ ತೇವ ಹೀರಿ ಅದನ್ನು ಹಸಿಯಾಗಿಡುತ್ತವೆ. ನಮ್ಮ ಹಪ್ಪಳವನ್ನೆಲ್ಲ ಮೆತ್ತಗಾಗಿಸುವ ಕಡಲಗಾಳಿ ಇದಕ್ಕೆ ಹಿತ.

ಬಲೆ ಕೆಡುವುದು ಬೇರೆ ಕಾರಣಕ್ಕೆ. ಧೂಳು ಕೂತರೆ ಅಂಟು ಹೋಯಿತು. ಜೋರು ಮಳೆ ಹನಿಗಳನ್ನು ತೊಳೆದು ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ದೊಡ್ಡ ದುಂಬಿಯೊಂದು ನುಗ್ಗಿದರೆ ಅರ್ಧ ಬಲೆಯೇ ಹರಿದೀತು. ಇನ್ನು ಕಾಫಿ. 1948ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಹನ್ಸ್ ಪೀಟರ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು, ಜೇಡ ನೇಯುವುದನ್ನು ನೋಡಲು ಬೆಳಗಿನ ಜಾವ ಏಳಬೇಕಲ್ಲ ಎಂದು ಬೇಸತ್ತು, ಹೊತ್ತು ಬದಲಿಸುವ ಮದ್ದಿದೆಯೇ ಎಂದು ಔಷಧಶಾಸ್ತ್ರದ ಪೀಟರ್ ವಿಟ್‌ರನ್ನು ಕೇಳಿದರು. ವಿಟ್ ಸಕ್ಕರೆ ನೀರಿನಲ್ಲಿ ನಾನಾ ಮದ್ದು ಬೆರೆಸಿ ಕೊಟ್ಟುನೋಡಿದರು. ಹೊತ್ತು ಬದಲಾಗಲಿಲ್ಲ, ಬಲೆಯ ಆಕಾರ ಬದಲಾಯಿತು. ಕೆಫೀನ್ ಕುಡಿದವು ಕಟ್ಟಿದ್ದಂತೂ ಅಡ್ಡಾದಿಡ್ಡಿ. ಮಾಟುಂಗಾದ ಫಿಲ್ಟರ್ ಕಾಫಿ ಮನುಷ್ಯರಿಗಷ್ಟೇ ಆದೀತು.

ಕೆಟ್ಟ ಬಲೆಗೆ ಜೇಡ ತೇಪೆ ಹಾಕುತ್ತ ಕೂರುವುದಿಲ್ಲ. ಬೆಳಗಾಗುವುದರೊಳಗೆ ನಿಯೋಸ್ಕೋನಾ ಚಕ್ರವನ್ನೆಲ್ಲ ಮುದ್ದೆಮಾಡಿ ನುಂಗುತ್ತದೆ. ಮೇಲಿನ ಒಂದೆರಡು ಎಳೆ ಉಳಿದರೆ ಉಳಿಯಿತು. ನೂಲೆಂದರೆ ಪ್ರೋಟೀನು, ಬಿಸಾಡುವ ವಸ್ತುವಲ್ಲ. ವಿಕಿರಣದ ಗುರುತು ಹಾಕಿ ನೋಡಿದವರಿಗೆ, ತಿಂದ ನೂಲಿನ ಬಹುಪಾಲು ಹೊಸ ಬಲೆಯಲ್ಲೇ ಮತ್ತೆ ಸಿಕ್ಕಿದೆ. ನೂಲನ್ನು ಹೊರಬಿಟ್ಟು ತಾನೇ ಒಳಗೆಳೆದುಕೊಳ್ಳುವ ಜೇಡವನ್ನು ಉಪನಿಷತ್ತಿನ ಋಷಿ ಸೃಷ್ಟಿಗೆ ಹೋಲಿಸಿದ್ದಾನೆ. ಸರಿಯಾಗಿ ನೋಡಿಯೇ ಹೇಳಿದ್ದಾನೆ.

ಎಲ್ಲ ಚಕ್ರಬಲೆಗೂ ಈ ದಿನಚರಿ ಇಲ್ಲ. ಮಳೆ ಹಿಂದೆ ಸರಿಯುವ ಹೊತ್ತಿಗೆ ಥಾಣೆಯ ಯೇವೂರು ಗುಡ್ಡದಲ್ಲಿ, ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾಲುದಾರಿಗೆ ಅಡ್ಡಲಾಗಿ ಹೊಂಬಣ್ಣದ ಬಲೆಗಳು ಕಾಣುತ್ತವೆ. ಅವನ್ನು ಕಟ್ಟುವುದು ನೆಫಿಲಾ ಪಿಲಿಪೆಸ್ ಎಂಬ ಜೇಡ. ಬಲೆ ಒಂದು ಮೀಟರು ದಾಟುವುದೂ ಉಂಟು. ಅಷ್ಟನ್ನು ದಿನಾ ಕಟ್ಟುವುದು ಯಾರಿಂದಾದೀತು? ಅದು ಹರಿದ ಭಾಗವನ್ನಷ್ಟೇ ಕಿತ್ತು ಕಟ್ಟುತ್ತದೆ, ಸಾರವೆಯನ್ನೂ ತೆಗೆಯದೆ ಹಾಗೇ ಬಿಡುತ್ತದೆ. ಹೆಣ್ಣಿನ ಮೈ ಮೂರರಿಂದ ಐದು ಸೆಂಟಿಮೀಟರು, ಗಂಡಿನದು ಅರ್ಧ ಸೆಂಟಿಮೀಟರಿನ ಆಸುಪಾಸು. ಬಲೆಯಂಚಿನಲ್ಲಿ ಪುಟ್ಟ ಜೇಡ ಕಂಡರೆ ಗಂಡೆಂದು ಆತುರಪಡಬೇಡಿ. ಬೆಳ್ಳಿಬಣ್ಣದ್ದಾದರೆ ಅದು ಆರ್ಗೈರೋಡಿಸ್, ಯಜಮಾನಿಯ ಊಟದಲ್ಲಿ ಪಾಲು ಕದಿಯಲು ಬಂದದ್ದು.

ಪೊರಕೆಯ ವಿಷಯ. ಗ್ರಿಲ್ಲಿನ ಬಲೆಯನ್ನು ರಾತ್ರಿ ಗುಡಿಸಿದರೆ ನೂಲು ತಿನ್ನಲು ಸಿಗದೆ ಜೇಡಕ್ಕೆ ನಷ್ಟ, ನಿಮಗೇನೂ ಲಾಭವಿಲ್ಲ, ನಾಳೆ ಮತ್ತೆ ಹಾಜರು. ಅದು ಬೇಡವೇ ಬೇಡವೆಂದರೆ ಬಾಲ್ಕನಿಯ ದೀಪ ಆರಿಸಿ. ಹುಳ ಬೀಳದ ಕಡೆ ಅದು ಬಹಳ ದಿನ ನಿಲ್ಲುವುದಿಲ್ಲ. ಮೂಲೆಯದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳು ಸುಣ್ಣಕ್ಕೆ ಹತ್ತಿ ಕರೆಯಾಗುತ್ತದೆ. ಒಣ ಪೊರಕೆಯನ್ನು ತಿರುಗಿಸುತ್ತ ಬಲೆಯನ್ನು ಅದಕ್ಕೇ ಸುತ್ತಿಕೊಳ್ಳಬೇಕು, ಗೋಡೆಗೆ ಒತ್ತಬಾರದು. ಬಚ್ಚಲುಮನೆಯ ಮೂಲೆಯ ಒಂದನ್ನು ಬಿಟ್ಟರೆ ಒಳ್ಳೆಯದು, ಸೊಳ್ಳೆ ಅಲ್ಲೇ ಜಾಸ್ತಿ.